ಬೆಳೆಯುವ ಹುಡುಗನಿಗೆ ಎಷ್ಟುದ್ದದ ಮಂಚ?

ತಂಗೀ, ಕಬ್ಬಿನ ಬಿಲ್ಲು ಬಂದ ಕೂಡಲೇ ಮಗನಿಗೊಂದು ಮಂಚ, ಗಾದಿ ತರಬೇಕೆಂದು ನಿಮ್ಮ ಮನೆಯಲ್ಲಿ ಮಾತು ನಡೆದಿದೆಯಂತೆ. ಒಳ್ಳೆಯದೇ ಆಯಿತು. ಒಂಬತ್ತನೇ ಇಯತ್ತೆ ಓದುವ ಹುಡುಗ ಇನ್ನೂ ಪಡಸಾಲೆಯಲ್ಲಿ ಅಜ್ಜಿಯ ಪಕ್ಕ ಕೌದಿ ಹಾಸಿಕೊಂಡು ಬಿದ್ದುಕೊಳ್ಳುತ್ತಾನೆ. ಮೀಸೆ ಚಿಗುರುವ ಹೊತ್ತಿಗೆ ತನ್ನದು ಅನ್ನುವ ಒಂದು ಮೂಲೆ ಅವನಿಗೂ ಬೇಕಾಗುತ್ತದೆ. ಮಿರಜಿಗೋ ಸಾಂಗಲಿಗೋ ಹೋಗಿ ಅಂಗಡಿಯವ ತೋರಿಸಿದ್ದಕ್ಕೆ ಹೂಂ ಅನ್ನುವ ಮೊದಲು ನನ್ನ ಮಾತು ಸ್ವಲ್ಪ ಕೇಳು.

ಮಂಚ ಅಂದರೆ ಶೋಕಿ ಎಂದು ನಿಮ್ಮ ಮಾವನವರು ಗೊಣಗಬಹುದು. ನಮ್ಮೂರಲ್ಲಿ ಅದು ಶೋಕಿಯಲ್ಲ. ಐನಾಪುರದ ಸುತ್ತ ಎತ್ತ ನೋಡಿದರೂ ಕಬ್ಬು. ಕಬ್ಬಿದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಅದರಲ್ಲೂ ಕಟ್ಟುಹಾವು, ಅತ್ತ ಮರಾಠಿ ಮಂದಿ ಮಣ್ಯಾರ ಅನ್ನುವುದು, ರಾತ್ರಿ ತಿರುಗುವ ಜಾತಿ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ಕಚ್ಚಿದ ಜಾಗದಲ್ಲಿ ಬಾವು, ಉರಿ ಅಷ್ಟಾಗಿ ಇಲ್ಲದ ಕಾರಣ ಎಷ್ಟೋ ಸಲ ಕಚ್ಚಿದ್ದೇ ತಿಳಿಯುವುದಿಲ್ಲ. ನೆಲ ಬಿಟ್ಟು ಮಂಚದ ಮೇಲೆ ಮಲಗು, ಸೊಳ್ಳೆ ಪರದೆಯ ಅಂಚನ್ನು ಗಾದಿಯ ಕೆಳಗೆ ಸಿಕ್ಕಿಸು ಎಂದು ವೈದ್ಯರು ಹೇಳುವುದು ಇದಕ್ಕೇ. 2024ರ ಫೆಬ್ರುವರಿಯಲ್ಲಿ ನಮ್ಮ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಲೇಬೇಕಾದ ಪಟ್ಟಿಗೆ ಸೇರಿಸಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಕರ್ನಾಟಕ. ಆದ್ದರಿಂದ ಈಗ ಫ್ಯಾಶನ್ನಿನಲ್ಲಿರುವ, ನೆಲಕ್ಕೆ ಅಂಟಿಕೊಂಡಂಥ ಗಿಡ್ಡ ಮಂಚ ನಮಗೆ ಬೇಡ. ಕೆಳಗೆ ಕಸಬರಿಗೆ ಆಡುವಷ್ಟು, ಬ್ಯಾಟರಿ ಬಿಟ್ಟು ನೋಡಿದರೆ ಆಚೆಯ ಗೋಡೆ ಕಾಣುವಷ್ಟು ಎತ್ತರ ಇರಲಿ. ಗಾದಿ ಸೇರಿ ಹದಿನೆಂಟು ಇಂಚಿನ ಆಸುಪಾಸು ಇದ್ದರೆ ಕೂತಾಗ ಕಾಲು ನೆಲಕ್ಕೆ ಹತ್ತುತ್ತವೆ. ಪರದೆ ಕಟ್ಟಲು ನಾಲ್ಕು ಮೂಲೆಗೆ ಕೋಲು ನಿಲ್ಲಿಸುವ ಅನುಕೂಲ ಇದೆಯೇ ಎಂದೂ ನೋಡು. ಹೊದಿಕೆ ನೆಲಕ್ಕೆ ಇಳಿಬಿದ್ದಿರಬಾರದು.

ಈಗ ಉದ್ದದ ವಿಷಯ. ಎಲ್ಲರೂ ಎಡವುವುದು ಇಲ್ಲಿಯೇ. ಹುಡುಗ ಐದು ಅಡಿ ಮೂರು ಇಂಚು ಇದ್ದಾನೆ, ಆರಡಿ ಮಂಚ ಧಾರಾಳ ಆಯಿತು ಅನ್ನುತ್ತಾರೆ. ಹೆಣ್ಣುಮಕ್ಕಳು ಹನ್ನೊಂದು ಹನ್ನೆರಡರಲ್ಲಿ ಜೋರಾಗಿ ಬೆಳೆದು ಹದಿನೈದು ಹದಿನಾರಕ್ಕೆ ನಿಲ್ಲುತ್ತಾರೆ. ಗಂಡುಹುಡುಗರ ಬೆಳವಣಿಗೆ ಎರಡು ವರ್ಷ ತಡ. ಹದಿಮೂರು ಹದಿನಾಲ್ಕರ ಭರದಲ್ಲಿ ಒಂದೇ ವರ್ಷಕ್ಕೆ ಒಂಬತ್ತು ಹತ್ತು ಸೆಂಟಿಮೀಟರ್ ಏರುವುದುಂಟು, ಹದಿನೇಳು ಹದಿನೆಂಟರವರೆಗೂ ನಿಧಾನವಾಗಿ ಎಳೆಯುತ್ತಲೇ ಇರುತ್ತಾರೆ. ಹಾಗಾಗಿ ಇವತ್ತಿನ ಮಗನ ಅಳತೆ ಹಿಡಿಯಬೇಡ, ಅವನ ಅಪ್ಪನನ್ನೂ ಸೋದರಮಾವನನ್ನೂ ನೋಡಿ ಅಳತೆ ಹಿಡಿ. ನಿಮ್ಮ ಕಡೆ ಗಂಡಸರೆಲ್ಲ ಎತ್ತರದವರು. ಮಲಗಿದವನ ಎತ್ತರಕ್ಕಿಂತ ಗೇಣಿನಷ್ಟಾದರೂ ಮಂಚ ಉದ್ದ ಇರಬೇಕು. ಅಂಗಡಿಯಲ್ಲಿ 72, 75, 78 ಇಂಚು ಅನ್ನುವ ಮೂರು ಅಳತೆ ಸಿಗುತ್ತವೆ. ನೀನು 78 ಕೇಳು. ಅಗಲ 36 ಇಂಚು ಸಾಕು ಅನ್ನುತ್ತಾರೆ. ಕೈಕಾಲು ಎಲ್ಲೆಲ್ಲಿಗೋ ಚಾಚಿ ಮಲಗುವ ವಯಸ್ಸಿಗೆ ಅದು ಇಕ್ಕಟ್ಟು. ಕೋಣೆ ಹಿಡಿಸಿದರೆ 42 ಅಥವಾ 48 ಇರಲಿ. ಆದರೆ ಮಂಚದ ಅಳತೆ ಬೇರೆ, ಗಾದಿಯ ಅಳತೆ ಬೇರೆ ಆಗಬಾರದು. ಬಡಿಗೇರನ ಹತ್ತಿರ ಮಂಚ ಮಾಡಿಸುವುದಾದರೆ ಮೊದಲು ಗಾದಿಯ ಅಳತೆ ಗಟ್ಟಿ ಮಾಡಿಕೊಂಡು ಅವನಿಗೆ ಬರೆದುಕೊಡು. ಅರ್ಧ ಇಂಚು ಸಂದು ಸಾಕು. ಎರಡಿಂಚು ಬಿಟ್ಟರೆ ಗಾದಿ ರಾತ್ರಿಯೆಲ್ಲ ಸರಿದಾಡುತ್ತದೆ.

ಕೈಯಲ್ಲಿರುವ ದುಡ್ಡಿನ ದೊಡ್ಡ ಪಾಲು ಮಂಚಕ್ಕೇ ಹೋಗಲಿ. ಗಾದಿ ಏಳೆಂಟು ವರ್ಷದ ಸಾಮಾನು, ಗಟ್ಟಿ ಮಂಚ ಅವನ ಮದುವೆಯಾಗಿ ಮೊಮ್ಮಕ್ಕಳು ಬಂದರೂ ಉಳಿಯುತ್ತದೆ. ಸಾಗವಾನಿ ಆಗದಿದ್ದರೆ ಚೆನ್ನಾಗಿ ಒಣಗಿದ ಬೇವು ಆದೀತು. ಹಸಿ ಕಟ್ಟಿಗೆ ಮಾತ್ರ ಬೇಡ, ಬೇಸಿಗೆಯಲ್ಲಿ ಸೊಟ್ಟಾಗಿ ಕಿರ್ರೆನ್ನುತ್ತದೆ. ಕಬ್ಬಿಣದ ಮಂಚವೂ ಕೆಟ್ಟದ್ದಲ್ಲ, ನೋಡಲು ಹಾಸ್ಟೆಲ್ಲಿನಂತೆ ಕಾಣುತ್ತದೆ ಅಷ್ಟೇ. ನುಣ್ಣಗೆ ಹೊಳೆಯುವ ಪಾರ್ಟಿಕಲ್ ಬೋರ್ಡಿನ ಮಂಚವನ್ನು ಮಾತ್ರ ನಾನು ಒಪ್ಪುವುದಿಲ್ಲ. ನೆಲಕ್ಕೆ ನೀರು ಹಾಕಿ ತೊಳೆಯುವ ಮನೆ ನಮ್ಮದು. ಬುಡಕ್ಕೆ ನೀರು ಹತ್ತಿದರೆ ಆ ಬೋರ್ಡು ಉಬ್ಬಿ ಮೊಳೆ ಬಿಟ್ಟುಕೊಡುತ್ತದೆ. ಮೇಲೆ ಹಲಗೆ ಪಟ್ಟಿ ಹೊಡೆಸುವುದಾದರೆ ಸಂದು ಮೂರಿಂಚಿಗಿಂತ ಹೆಚ್ಚಾಗದಿರಲಿ, ಉದ್ದಕ್ಕೆ ನಡುವೆ ಒಂದು ಆಧಾರದ ಕಾಲೂ ಇರಲಿ. ಅಟ್ಟದಲ್ಲಿರುವ ನವಾರದ ಹೊರಸು ಅಂಗಳದಲ್ಲಿ ಹರಟೆಗೆ ಚೆನ್ನ, ದಿನಾ ರಾತ್ರಿ ಮಲಗಲಿಕ್ಕಲ್ಲ; ನಡುವೆ ಜೋತುಬಿದ್ದ ಹೊರಸಿನ ಮೇಲೆ ಎಂಥ ಗಾದಿ ಹಾಕಿದರೂ ಬೆನ್ನು ಬಿಲ್ಲಾಗುತ್ತದೆ. ಅಣ್ಣ ತಮ್ಮ ಇಬ್ಬರಿಗೂ ಸೇರಿ ಒಂದರ ಮೇಲೊಂದು ಮಂಚ ಇರುವುದನ್ನು ತರುವವರಿದ್ದಾರೆ. ಮೊದಲು ತಲೆ ಎತ್ತಿ ಫ್ಯಾನು ಎಲ್ಲಿ ತಿರುಗುತ್ತದೆ ನೋಡಿ ಎಂದಷ್ಟೇ ಅಂಥವರಿಗೆ ಹೇಳುತ್ತೇನೆ.

ಗಾದಿ ಗಟ್ಟಿ ಇರಬೇಕೋ ಮೆತ್ತಗಿರಬೇಕೋ? ಹಿಂದೆ ಬೆನ್ನು ನೋವು ಅಂದರೆ ಸಾಕು, ಹಲಗೆ ಮೇಲೆ ಮಲಗು ಅನ್ನುತ್ತಿದ್ದರು. 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಸ್ಪೇನ್ ದೇಶದ ವೈದ್ಯರ ಅಧ್ಯಯನವೊಂದು ಬಂತು. ಬಹುಕಾಲದ ಸೊಂಟ ನೋವಿನ 313 ಮಂದಿಯಲ್ಲಿ ಕೆಲವರಿಗೆ ಗಟ್ಟಿ ಗಾದಿ, ಕೆಲವರಿಗೆ ಮಧ್ಯಮ ಗಟ್ಟಿಯದು ಕೊಟ್ಟು ಮೂರು ತಿಂಗಳು ನೋಡಿದರು. ಮಧ್ಯಮದವರಿಗೇ ಹೆಚ್ಚು ಆರಾಮ ಸಿಕ್ಕಿತು. ಅವರು ದೊಡ್ಡವರು, ನೋವಿದ್ದವರು, ನಿಜ. ಆದರೂ ಬೆಳೆಯುವ ಬೆನ್ನಿಗೆ ಕಲ್ಲಿನಂಥ ಹಾಸಿಗೆಯೇ ಬೇಕು ಅನ್ನುವ ಹಟಕ್ಕೆ ಆಧಾರವಿಲ್ಲ ಎಂಬಷ್ಟು ಅದರಿಂದ ತಿಳಿಯುತ್ತದೆ. ಅಂಗಡಿಯಲ್ಲಿ ಅಂಗೈ ಒತ್ತಿ ನೋಡಿ ಏನೂ ಗೊತ್ತಾಗದು. ಚಪ್ಪಲಿ ಬಿಟ್ಟು, ಸಂಕೋಚ ಬಿಟ್ಟು, ಹುಡುಗ ಹತ್ತು ನಿಮಿಷ ಮಲಗಲಿ. ಅಂಗಾತ ಮಲಗಿದಾಗ ಸೊಂಟದ ಕೆಳಗೆ ನಿನ್ನ ಕೈ ತೂರಿಸು. ಕೈ ಸಲೀಸಾಗಿ ಆಚೆ ಹೋದರೆ ಗಾದಿ ಬಲು ಗಟ್ಟಿ. ತೂರಿಸಲಿಕ್ಕೇ ಆಗದಿದ್ದರೆ ಬಲು ಮೆತ್ತಗೆ. ಸ್ವಲ್ಪ ಬಿಗಿಯಾಗಿ ಹೋದರೆ ಸರಿ. ಮಗ್ಗುಲಾದಾಗ ಹಿಂದೆ ನಿಂತು ನೋಡು, ಕುತ್ತಿಗೆಯಿಂದ ಸೊಂಟದವರೆಗೆ ಬೆನ್ನು ಒಂದೇ ಗೆರೆಯಲ್ಲಿರಬೇಕು.

ವಯಸ್ಸು ನೋಡಿ ಗಾದಿ ಕೊಡುವ ಅಂಗಡಿಯವರೂ ಇದ್ದಾರೆ. ಅದು ಸರಿಯಲ್ಲ, ತೂಕ ನೋಡಬೇಕು. ನಮ್ಮ ಭಾಗದಲ್ಲಿ ಗರಡಿ ಮನೆಗೆ ಹೋಗುವ ಹದಿನಾರರ ಹುಡುಗ ಎಂಬತ್ತು ಕಿಲೋ ತೂಗುತ್ತಾನೆ. ಅದೇ ಇಯತ್ತೆಯ ಇನ್ನೊಬ್ಬ ನಲವತ್ತೈದು. ಇಬ್ಬರಿಗೂ ಒಂದೇ ಫೋಮ್ ಆಗದು. ಫೋಮಿಗೆ ಡೆನ್ಸಿಟಿ ಅಂತ ಒಂದು ಲೆಕ್ಕವಿದೆ, ಘನ ಮೀಟರಿಗೆ ಇಷ್ಟು ಕಿಲೋ ಎಂದು. ಸಣಕಲ ಹುಡುಗನಿಗೆ 32 ಸಾಕು, ಪೈಲ್ವಾನನಿಗೆ 40 ಇರಲಿ. ಅದಕ್ಕಿಂತ ಕಡಿಮೆಯದು ಒಂದೆರಡು ವರ್ಷಕ್ಕೇ ಕುಣಿಯಾಗುತ್ತದೆ. ಮೇಲ್ಹೊದಿಕೆಗೆ ಜಿಪ್ ಇರುವುದನ್ನೇ ಆರಿಸಿ, ಬಿಚ್ಚಿ ಒಳಗೆ ನೋಡು. ಟಿವಿ ಡಬ್ಬಿಯೊಳಗೆ ಇಡುವಂಥ ಬಿಳಿ ಪ್ಯಾಕಿಂಗ್ ಶೀಟನ್ನು ನಡುವೆ ತುಂಬಿ ಫೋಮ್ ಎಂದು ಮಾರುವವರಿಗೆ ಕೊರತೆಯಿಲ್ಲ.

ನಾರಿನ ಗಾದಿಯ ಬಗ್ಗೆ ಕೇಳಿದ್ದೆಯಲ್ಲ. ತೆಂಗಿನ ನಾರಿಗೆ ರಬ್ಬರು ಹಾಕಿದ ಈ ಗಾದಿಯನ್ನು ಮನೆಮನೆಗೆ ತಂದದ್ದು ಕರ್ನಾಟಕದ್ದೇ ಕಂಪನಿ, 1962ರಲ್ಲಿ ಹುಟ್ಟಿದ ಕರ್ಲಾನ್. 2023ರಲ್ಲಿ ಅದು ಸ್ಲೀಪ್‌ವೆಲ್ ಮಾಡುವ ಶೀಲಾ ಫೋಮ್ ಪಾಲಾಯಿತು, ಆದರೂ ಯಾವ ಕಂಪನಿಯ ನಾರಿನ ಗಾದಿಗೂ ನಮ್ಮವರು ಕರ್ಲಾನ್ ಅಂತಲೇ ಕರೆಯುತ್ತಾರೆ. ಗಾಳಿಯಾಡುತ್ತದೆ, ಸೆಕೆಗೆ ಒಳ್ಳೆಯದು, ಗಟ್ಟಿ ಇರುತ್ತದೆ. ಮೇಲೊಂದು ಇಂಚು ಫೋಮ್ ಇರುವುದಾದರೆ ನಿನ್ನ ಮಗನಿಗೆ ನಾನು ಇದನ್ನೇ ಹೇಳುತ್ತೇನೆ. ಮೆಮೊರಿ ಫೋಮ್ ಅಂತ ಅಂಗಡಿಯವ ಬೆನ್ನು ಹತ್ತುತ್ತಾನೆ. ಅದು 1966ರ ಹೊತ್ತಿಗೆ ಅಮೆರಿಕದ ನಾಸಾದವರಿಗಾಗಿ, ವಿಮಾನದ ಸೀಟಿಗೆಂದು ಮಾಡಿದ್ದು. ಮೈ ಬಿಸಿಗೆ ಮೆತ್ತಗಾಗುವುದೇ ಅದರ ಗುಣ. ಮೇ ತಿಂಗಳಲ್ಲಿ ಕರೆಂಟು ಹೋದ ತಗಡಿನ ಮನೆಯನ್ನು ನೆನೆದು ಅದನ್ನು ಮಾಡಿದವರಲ್ಲ.

ನಮ್ಮ ಹಳೆಯ ಹತ್ತಿ ಗಾದಿಯನ್ನು ಮಾತ್ರ ಹಗುರವಾಗಿ ಕಾಣಬೇಡ. ನದಾಫರು ಪಿಂಜಿ, ಹೊಲಿದು ಕೊಟ್ಟ ಗಾದಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ಬಿಚ್ಚಿ ಮತ್ತೆ ಪಿಂಜಿಸಿದರೆ ಹೊಸದೇ ಆಗುತ್ತದೆ. ಫೋಮಿಗೆ ಆ ಪುನರ್ಜನ್ಮ ಇಲ್ಲ. ಈಗ ಗಾಡಿಯ ಮೇಲೆ ಮಷೀನು ತಂದು ಮನೆ ಮುಂದೆಯೇ ಪಿಂಜಿಕೊಡುವವರೂ ಬರುತ್ತಾರೆ. ಕಣ್ಣೆದುರೇ ತುಂಬಿಸು, ಇಲ್ಲವಾದರೆ ಅರಳೆಯ ಜೊತೆ ಗಿರಣಿ ಕಸವೂ ಚಿಂದಿಯೂ ಒಳಗೆ ಸೇರುತ್ತವೆ. ವಾರಕ್ಕೊಮ್ಮೆ ಬಿಸಿಲಿಗೆ ಹಾಕುವ ಕೆಲಸ ಆ ಹುಡುಗನದೇ ಆಗಲಿ. ಇನ್ನು ಹೊಳೆ ದಂಡೆಯ ಜುಗುಳ, ಮಂಗಾವತಿ, ಕೃಷ್ಣಾ ಕಿತ್ತೂರ ಕಡೆಯ ನೆಂಟರು ನಿನ್ನನ್ನು ಕೇಳಿದರೆ ಒಂದು ಮಾತು ಸೇರಿಸಿ ಹೇಳು. 2005, 2019, 2021ರಲ್ಲಿ ಕೃಷ್ಣೆ ಮನೆಯೊಳಗೇ ಬಂದಳು. ಒಮ್ಮೆ ನೆರೆ ನೀರು ಕುಡಿದ ಎಂಟಿಂಚಿನ ಸ್ಪ್ರಿಂಗ್ ಗಾದಿಯನ್ನು ಒಣಗಿಸಿ ಬಳಸಲಾಗದು, ಇಬ್ಬರು ಹಿಡಿದರೂ ಅಟ್ಟಕ್ಕೆ ಏರದು. ಅಲ್ಲಿ ನಾಲ್ಕಿಂಚಿನ ಹಗುರ ಗಾದಿಯೇ ಜಾಣತನ.

ಮಗಳ ವಿಷಯ ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ. ಹನ್ನೆರಡು ತುಂಬಿದ ಅವಳು ಈಗ ಅಣ್ಣನಿಗಿಂತ ಬೇಗ ಬೆಳೆಯುತ್ತಿದ್ದಾಳೆ. ಅವನಿಗೆ ಮಂಚ, ಅವಳಿಗೆ ಚಾಪೆ ಅನ್ನುವ ನ್ಯಾಯ ಬೇಡ. ದುಡ್ಡು ಸಾಲದಿದ್ದರೆ ಇಬ್ಬರಿಗೂ ಸಾದಾ ಕಬ್ಬಿಣದ ಮಂಚ ತಾ, ಸಾಗವಾನಿ ಮುಂದಿನ ಸುಗ್ಗಿಗೆ ನೋಡಿದರಾಯಿತು. ಅವಳ ಗಾದಿಗೆ ನೀರು ಇಳಿಯದ, ತೊಳೆಯಬಹುದಾದ ಗಲೀಫು ಹಾಕಿಸು. ತಿಂಗಳ ದಿನಗಳಲ್ಲಿ ಅವಳನ್ನು ಮೂಲೆಯ ಕಂಬಳಿಗೆ ಕಳಿಸುವ ಪದ್ಧತಿ ನಿಮ್ಮ ಮನೆಯಲ್ಲಿ ಇನ್ನೂ ಇದ್ದರೆ ಈ ಮಂಚದ ನೆಪದಲ್ಲೇ ಬಿಡಿಸು.

ಇಷ್ಟೆಲ್ಲ ತಂದ ಮೇಲೂ ಹುಡುಗ ತಡವಾಗಿ ಮಲಗುತ್ತಾನೆ, ಬೆಳಿಗ್ಗೆ ಏಳುವುದಿಲ್ಲ ಎಂದು ನೀನು ದೂರುತ್ತೀ, ಗೊತ್ತು. ಹರೆಯದಲ್ಲಿ ನಿದ್ದೆ ಬರಿಸುವ ರಸ ಮೈಯಲ್ಲಿ ಒಂದೆರಡು ತಾಸು ತಡವಾಗಿ ಏರುತ್ತದೆ, ಅದು ಸೋಮಾರಿತನ ಅಲ್ಲ. ಹದಿಮೂರರಿಂದ ಹದಿನೆಂಟರವರಿಗೆ ಎಂಟರಿಂದ ಹತ್ತು ತಾಸು ನಿದ್ದೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯರ ಸಂಸ್ಥೆ 2016ರಲ್ಲಿ ಹೇಳಿದೆ. ಎಸ್ಸೆಸ್ಸೆಲ್ಸಿ ಬಂತೆಂದು ನಸುಕಿನ ನಾಲ್ಕಕ್ಕೆ ಎಬ್ಬಿಸಿ ಕೂರಿಸಿದರೆ ಒಳ್ಳೆಯ ಗಾದಿಗೆ ಕೊಟ್ಟ ದುಡ್ಡು ದಂಡ. ಮಂಚವನ್ನು ಎಲ್ಲಿ ಇಟ್ಟರೂ ಸರಿ, ಚಾರ್ಜರ್ ಹಾಕುವ ಪ್ಲಗ್ಗಿನ ಪಕ್ಕ ಮಾತ್ರ ಬೇಡ. ಮೊಬೈಲು ರಾತ್ರಿ ಅಡುಗೆಮನೆಯಲ್ಲಿ ಚಾರ್ಜಾಗಲಿ. ತಲೆ ಉತ್ತರಕ್ಕಿರಬಾರದೆಂದು ಅತ್ತೆ ಹೇಳಿದರೆ ವಾದ ಮಾಡಬೇಡ, ಮಂಚ ತಿರುಗಿಸಲು ಖರ್ಚೇನೂ ಇಲ್ಲ.

ಬೆನ್ನು ನೋವು ಅಂದಾಗಲೆಲ್ಲ ಗಾದಿಯನ್ನೇ ದೂರುವುದೂ ತಪ್ಪು. ನೋವು ವಾರಗಟ್ಟಲೆ ಬಿಡದಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವಂತಿದ್ದರೆ, ಜ್ವರ, ಕಾಲು ಜೋಮು ಇದ್ದರೆ, ಬಗ್ಗಿದಾಗ ಒಂದು ಕಡೆಯ ಬೆನ್ನು ಉಬ್ಬಿ ಕಂಡರೆ ಅದು ಅಂಗಡಿಯ ಕೆಲಸ ಅಲ್ಲ, ವೈದ್ಯರ ಕೆಲಸ. ಡಾಕ್ಟರ್ ವಾನ್ಲೆಸ್ 1894ರಲ್ಲಿ ಮಿರಜಿನಲ್ಲಿ ಆಸ್ಪತ್ರೆ ತೆರೆದಾಗಿನಿಂದ ನಮ್ಮ ಕಡೆಯವರಿಗೆ ಆ ದಾರಿ ಹೊಸದಲ್ಲ. ಬೆನ್ನಿಗೆ ಒಳ್ಳೆಯದೆಂದು ಬರೆದುಕೊಂಡ ದುಬಾರಿ ಗಾದಿ ಅಂಥ ಬೆನ್ನನ್ನು ನೆಟ್ಟಗೆ ಮಾಡುವುದಿಲ್ಲ.

ಕೊಳ್ಳುವಾಗ ಪಕ್ಕಾ ಬಿಲ್ಲು ಕೇಳು, ವಾರಂಟಿ ಕಾರ್ಡಿನಲ್ಲಿ ಎಷ್ಟು ಇಂಚು ಕುಸಿದರೆ ಬದಲಿ ಕೊಡುತ್ತಾರೆ ಎಂಬ ಸಾಲು ಓದಿ ನೋಡು. ಮತ್ತೆ, ಗಂಡ ಹೆಂಡತಿ ಇಬ್ಬರೇ ಹೋಗಿ ತಂದು ಮಕ್ಕಳನ್ನು ಬೆರಗು ಮಾಡುವ ಯೋಚನೆ ಇದ್ದರೆ ಬಿಟ್ಟುಬಿಡು. ಮಲಗುವವರು ಅವರು. ಭಾನುವಾರ ಶಾಲೆ ಇರುವುದಿಲ್ಲ, ಇಬ್ಬರನ್ನೂ ಕರೆದುಕೊಂಡೇ ಹೋಗು.