ಊರು ಬೆಳೆಯುವ ಬಗೆ

ಒಬ್ಬ ವಿದ್ಯಾರ್ಥಿಯ ಮನೆಯ ಹಿತ್ತಿಲಿಗೆ ತಾಗಿಯೇ ಶಾಲೆಯ ಅಂಗಳವಿದೆಯೆಂದು ಭಾವಿಸಿರಿ. ನಡುವೆ ಓಣಿಯೊಂದಿದ್ದರೆ ಐವತ್ತು ಹೆಜ್ಜೆಗಳಲ್ಲಿ ಅವನು ತರಗತಿಯನ್ನು ಸೇರುವನು. ಓಣಿಯಿಲ್ಲದೆ ಹೆದ್ದಾರಿಯನ್ನು ಬಳಸಿ ಬರಬೇಕಾದರೆ ಸಾವಿರ ಹೆಜ್ಜೆಗಳು ಬೇಕು. ಶಾಲೆ ದೂರ ಸರಿಯಲಿಲ್ಲ. ದಾರಿ ಮಾತ್ರ ಉದ್ದವಾಯಿತು. ಬೀದಿಗಳು ಒಂದಕ್ಕೊಂದು ಕೂಡಿಕೊಂಡಿರುವ ಬಗೆಯೇ ಇದಕ್ಕೆ ಕಾರಣ.

ಇದನ್ನು ಅಳೆಯುವ ಕ್ರಮ ಸುಲಭವಾದುದು. ಚೌರಸ್ತೆಯಲ್ಲಿ ನಾಲ್ಕು ದಾರಿಗಳು ಸೇರುವುವು. ಒಂದು ಬೀದಿ ಮತ್ತೊಂದನ್ನು ಮುಟ್ಟಿ ನಿಂತರೆ ಮೂರು. ಮುಂದೆ ದಾರಿಯಿಲ್ಲದ ಓಣಿಯ ತುದಿಗೆ ಒಂದೇ. ಈ ಸಂಖ್ಯೆಗಳ ಸರಾಸರಿ ಹೆಚ್ಚಿದಷ್ಟೂ ಊರು ನಡೆಯುವವರಿಗೆ ಅನುಕೂಲವೆನ್ನಬಹುದು.

1537ರಲ್ಲಿ ಕೆಂಪೇಗೌಡನು ಸ್ಥಾಪಿಸಿದ ಬೆಂಗಳೂರಿನಲ್ಲಿ ದೊಡ್ಡಪೇಟೆ, ಚಿಕ್ಕಪೇಟೆಗಳ ಬೀದಿಗಳು ಒಂದನ್ನೊಂದು ಅಡ್ಡಹಾಯ್ದವು. 1591ರಲ್ಲಿ ಹೈದರಾಬಾದಿನ ಚಾರಮಿನಾರಿನಿಂದ ನಾಲ್ಕು ದಿಕ್ಕಿಗೂ ಬೀದಿಗಳು ಹೊರಟವು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ಇಕ್ಕಟ್ಟಾದ ಪೇಟೆಯ ಜನರಿಗಾಗಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ಅಲ್ಲಿ ನೇರ ರಸ್ತೆಗಳನ್ನೂ ಅಡ್ಡರಸ್ತೆಗಳನ್ನೂ ಚದುರಂಗದ ಹಾಸಿನಂತೆ ಹೆಣೆದರು.

ಆದರೆ ನಗರವು ಹಳ್ಳಿಗಳತ್ತ ಹಬ್ಬತೊಡಗಿದಾಗ ಈ ಹೆಣಿಗೆ ಸಡಿಲವಾಯಿತು. ಹೊಲವೊಂದು ಮಾರಾಟವಾದಂತೆಲ್ಲ ಅದರಲ್ಲಿ ಪ್ರತ್ಯೇಕ ಬಡಾವಣೆಯೊಂದು ಏಳುವುದು. ಅದರ ಸುತ್ತ ಗೋಡೆ. ಒಳಹೋಗಲು ಒಂದೇ ಬಾಗಿಲು. ನೆರೆಯ ಬಡಾವಣೆಗೆ ದಾರಿಯಿಲ್ಲದೆ ಎಲ್ಲರೂ ಒಂದೇ ಹೆದ್ದಾರಿಗೆ ಇಳಿಯುವರು. ಹತ್ತಿರದ ಅಂಗಡಿಗೂ ವಾಹನ ಬೇಕಾಗುವುದು. 1975ರಿಂದೀಚೆಗೆ ಪ್ರಪಂಚದ ಅನೇಕ ನಗರಗಳು ಹೀಗೆಯೇ ಬೆಳೆದುವೆಂದು ಸಂಶೋಧಕರು ಕಂಡುಕೊಂಡಿದ್ದಾರೆ.

ಮುಚ್ಚಿದ ಬೀದಿಯಲ್ಲಿ ಗದ್ದಲ ಕಡಿಮೆ, ಮಕ್ಕಳು ನಿರ್ಭಯವಾಗಿ ಆಡುವರು ಎಂಬುದು ನಿಜ. ಅದಕ್ಕಾಗಿ ವಾಹನಗಳನ್ನು ತಡೆದರೆ ಸಾಕು, ಕಾಲುದಾರಿಯನ್ನೂ ಮುಚ್ಚಬೇಕಾಗಿಲ್ಲ.

ಮನೆ ಹಳತಾದರೆ ಕೆಡವಿ ಕಟ್ಟಬಹುದು. ತಪ್ಪಿದ ಬೀದಿಯನ್ನು ತಿದ್ದುವುದು ಬಹು ಕಷ್ಟ. ಅದರ ಇಕ್ಕೆಲಗಳ ನಿವೇಶನಗಳು ಆಗಲೇ ನೂರು ಜನರ ಸ್ವತ್ತಾಗಿರುತ್ತವೆ. ದೊಡ್ಡಪೇಟೆಯ ಬೀದಿ ನಾಲ್ಕೂವರೆ ಶತಮಾನಗಳನ್ನು ಮೀರಿಯೂ ಉಳಿದಿದೆ. ಹಾಗೆಯೇ ನಾವಿಂದು ಮುಚ್ಚುವ ದಾರಿಯೂ ಮೊಮ್ಮಕ್ಕಳ ಕಾಲದವರೆಗೆ ಮುಚ್ಚಿಯೇ ಇರಬಹುದು.

ವಿದ್ಯಾರ್ಥಿಗಳೇ, ದೌಲತಾಬಾದಿನಲ್ಲಿ ನಿಮ್ಮ ಮನೆಯಿಂದ ಶಾಲೆಯವರೆಗಿನ ನಕಾಶೆಯನ್ನು ಬರೆಯಿರಿ. ಕೂಡುದಾರಿಗಳನ್ನು ಎಣಿಸಿ ಸರಾಸರಿಯನ್ನು ಕಂಡುಹಿಡಿಯಿರಿ. ಹಳೆಯ ಓಣಿಗಳನ್ನೂ ಹೊಸ ನಿವೇಶನಗಳನ್ನೂ ಹೋಲಿಸಿರಿ. ಪಾಲಕರು ಊರಂಚಿನಲ್ಲಿ ನಿವೇಶನ ಕೊಳ್ಳುವಾಗ ನೀರು, ಬೆಳಕುಗಳೊಡನೆ ಇನ್ನೊಂದನ್ನೂ ವಿಚಾರಿಸಲಿ: ಈ ಬೀದಿ ಮುಂದೆ ಎಲ್ಲಿಗೆ ಹೋಗಿ ಸೇರುವುದು?