ಆಷಾಢದ ಪಾಲು

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಆರತಕ್ಷತೆ ಮತ್ತು ಬೀಗರ ಊಟದ ಸಾಲು. ಛತ್ರದ ಬಾಗಿಲಲ್ಲಿ ವಾಲಗ, ಒಳಗೆ ವೇದಿಕೆಯ ಮಗ್ಗುಲಲ್ಲಿ ನಾಲ್ಕೈದು ಜನರ ವಾದ್ಯತಂಡ: ಕೀಬೋರ್ಡ್, ಗಿಟಾರ್, ಸ್ಯಾಕ್ಸೊಫೋನ್, ರಿದಂ ಪ್ಯಾಡ್, ಸಿಕ್ಕಿದರೆ ಒಂದು ಕೊಳಲು. ಹಾಡುವವರಿಲ್ಲ. ಹಳೆಯ ಚಿತ್ರಗೀತೆಯ ಧಾಟಿಯನ್ನು ಪಲ್ಲವಿಯಿಂದ ಕೊನೆಯ ಚರಣದವರೆಗೆ ವಾದ್ಯವೇ ಹೊರಬೇಕು. ಇಂಥ ತಂಡದಲ್ಲಿ ಕೀಬೋರ್ಡಿನ ಹಿಂದೆ ಕೂತು, ತಂಡದ ಲೆಕ್ಕದ ಪುಸ್ತಕವನ್ನೂ ಬರೆಯುತ್ತ ಬಂದವನು ನಾನು. ಆ ಪುಸ್ತಕ ನನಗೆ ಕಲಿಸಿದ್ದು ಇಷ್ಟು: ನಾವು ದರ ಹೇಳುವುದು ಒಂದು ರಾತ್ರಿಗೆ, ಆದರೆ ಮನೆ ನಡೆಸುವುದು ಹನ್ನೆರಡು ತಿಂಗಳು. ಈ ಎರಡು ಲೆಕ್ಕ ಒಂದಕ್ಕೊಂದು ತಾಳೆಯಾಗದಿರುವುದೇ ನಮ್ಮ ಬಡತನದ ಮೂಲ. ದರ ಹೇಳುವಾಗ ಇಡೀ ವರ್ಷ, ಸಾಧ್ಯವಾದರೆ ಹತ್ತು ವರ್ಷ ಕಣ್ಣ ಮುಂದಿರಬೇಕು. ಬಂದ ಹಣವನ್ನು ಹಂಚಿಕೊಳ್ಳುವ ಮೊದಲೇ ಆಷಾಢಕ್ಕೊಂದು, ವಾದ್ಯಕ್ಕೊಂದು ಪಾಲು ಎತ್ತಿಡಬೇಕು.

ನಮ್ಮ ಆದಾಯದ ಗಡಿಯಾರ ಒಂಟಿಕೊಪ್ಪಲ್ ಪಂಚಾಂಗ. ಧನುರ್ಮಾಸದಲ್ಲಿ ಮದುವೆಯಿಲ್ಲ, ಆಷಾಢದಲ್ಲಿ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಅಧಿಕ ಮಾಸ ಬಂದರೆ ಅದರಲ್ಲೂ ಇಲ್ಲ. ಮಾಘದಿಂದ ಜ್ಯೇಷ್ಠದವರೆಗಿನ ಕಾಲವೇ ಸೀಸನ್. ಅದರಲ್ಲೂ ಶಾಲೆಗೆ ರಜೆಯಿರುವ ಏಪ್ರಿಲ್, ಮೇ ತಿಂಗಳು ಅದರ ತಿರುಳು. ಆ ತಿರುಳಿಗೇ ಎಷ್ಟು ಸಲ ಹುಳ ಹಿಡಿದಿದೆ ನೋಡಿ. 2018ರಲ್ಲಿ ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ ಅಧಿಕ ಜ್ಯೇಷ್ಠ ಬಂತು. 2020ರ ಮಾರ್ಚ್ 25ರಿಂದ ಲಾಕ್‌ಡೌನ್. 2021ರಲ್ಲಿ ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಮತ್ತೆ ಅದೇ. 2024ರ ಮೇ, ಜೂನ್‌ನಲ್ಲಿ ಶುಕ್ರ, ಗುರು ಇಬ್ಬರೂ ಅಸ್ತರಾಗಿ ಮುಹೂರ್ತಗಳೇ ಬತ್ತಿಹೋದವು. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಮತ್ತೆ ಅಧಿಕ ಜ್ಯೇಷ್ಠ. ಅದು ಮುಗಿದ ಮೇಲೆ ನಿಜ ಜ್ಯೇಷ್ಠಕ್ಕೆ ಸಿಗುವುದು ಒಂದೇ ತಿಂಗಳು. ಹಿಂದೆಯೇ ಆಗಸ್ಟ್ 12ರವರೆಗೆ ಆಷಾಢ. 2018ರಿಂದ 2026ರವರೆಗಿನ ಒಂಬತ್ತು ಬೇಸಿಗೆಗಳಲ್ಲಿ ಐದಕ್ಕೆ ಪೆಟ್ಟು. ಒಂಬತ್ತರಲ್ಲಿ ಐದು ಸಲ ಆಗುವುದನ್ನು ದುರದೃಷ್ಟವೆಂದು ಕರೆಯುವುದು ನಮ್ಮನ್ನು ನಾವೇ ಮೋಸಗೊಳಿಸಿಕೊಂಡ ಹಾಗೆ. ಅದು ಈ ಕಸುಬಿನ ಸ್ವಭಾವ. ಮಳೆ ಬಾರದ ವರ್ಷವನ್ನು ಲೆಕ್ಕಕ್ಕೆ ಹಿಡಿಯದೆ ಬೇಸಾಯ ಮಾಡುವ ರೈತ ನಮ್ಮ ಜಿಲ್ಲೆಯಲ್ಲಿ ಸಿಗುವುದಿಲ್ಲ. ಆದರೆ ಮುಹೂರ್ತ ಬಾರದ ವರ್ಷವನ್ನು ಲೆಕ್ಕಕ್ಕೆ ಹಿಡಿದು ದರ ಹೇಳುವ ವಾದ್ಯದವರು ತೀರಾ ಕಡಿಮೆ.

ಲೆಕ್ಕಕ್ಕೆಂದು ಒಂದು ಮಾದರಿ ಇಟ್ಟುಕೊಳ್ಳೋಣ. ಐದು ಜನರ ತಂಡ, ಕಾರ್ಯಕ್ರಮಕ್ಕೆ 20,000 ರೂಪಾಯಿ, ಸೌಂಡ್ಸ್ ಖರ್ಚು ನಮ್ಮನ್ನು ಕರೆಸುವ ಪಾರ್ಟಿಯವರದು. ವ್ಯಾನಿಗೆ 2,500 ಕಳೆದರೆ ಉಳಿದ 17,500ರಲ್ಲಿ ತಲಾ 3,500. ಒಳ್ಳೆಯ ಸೀಸನ್ನಿನಲ್ಲಿ 30 ಕಾರ್ಯಕ್ರಮವಾದರೆ ಒಬ್ಬರಿಗೆ 1,05,000. ಐದು ತಿಂಗಳಲ್ಲಿ ಬಂದ ಈ ದುಡ್ಡು ಕೈಯಲ್ಲಿದ್ದಾಗ ತುಂಬಿದಂತೆ ಕಾಣುತ್ತದೆ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 8,750. ಕೆಟ್ಟ ವರ್ಷದಲ್ಲಿ ಕಾರ್ಯಕ್ರಮ 20ಕ್ಕೆ ಇಳಿದರೆ 70,000, ತಿಂಗಳಿಗೆ 5,833. ಹಾಗಾದರೆ ಕೆಟ್ಟ ವರ್ಷದಲ್ಲಿ ದರ ಏರಿಸಿ ಸರಿದೂಗಿಸಬಹುದೇ? ಅದೇ 1,05,000 ದುಡಿಯಬೇಕಾದರೆ ಆ ವರ್ಷ 28,750 ಕೇಳಬೇಕಾಗುತ್ತದೆ, ಮತ್ತು ಆ ವರ್ಷವೇ ಎಲ್ಲ ತಂಡಗಳೂ ಕೆಲಸವಿಲ್ಲದೆ ಇರುವುದರಿಂದ ಯಾರೂ ಅಷ್ಟು ಕೊಡುವುದಿಲ್ಲ. ಕೆಟ್ಟ ವರ್ಷದ ಬೆಲೆಯನ್ನು ಒಳ್ಳೆಯ ವರ್ಷದಲ್ಲೇ ವಸೂಲು ಮಾಡಿರಬೇಕು. ಒಂಬತ್ತು ವರ್ಷದಲ್ಲಿ ನಾಲ್ಕಕ್ಕೆ 30, ಐದಕ್ಕೆ 20 ಎಂದು ಹಿಡಿದರೂ (ಕೊರೊನಾದ ಎರಡು ಬೇಸಿಗೆಗೆ 20 ಎನ್ನುವುದು ಉದಾರದ ಮಾತು) ಸರಾಸರಿ 24ರ ಆಸುಪಾಸು ಬರುತ್ತದೆ. 24 ಕಾರ್ಯಕ್ರಮದಲ್ಲಿ 1,05,000 ಕೈಸೇರಬೇಕಾದರೆ ದರ 24,400 ಆಗಬೇಕು. ಅಂದರೆ ನಾವು ಪ್ರತಿ ರಾತ್ರಿ 4,400 ರೂಪಾಯಿಯಷ್ಟು ಕಡಿಮೆ ಕೇಳುತ್ತಿದ್ದೇವೆ. ಈ ಹೆಚ್ಚುವರಿ 4,400 ಯಾರ ಜೇಬಿಗೂ ಅಂದೇ ಹೋಗಬಾರದು. ತಲಾ 880ರಂತೆ ಅದನ್ನೇ ನಾನು ಆಷಾಢದ ಪಾಲು ಎನ್ನುವುದು. 30 ಕಾರ್ಯಕ್ರಮದ ವರ್ಷದಲ್ಲಿ ಒಬ್ಬರ ಹೆಸರಿಗೆ 26,400 ಸೇರುತ್ತದೆ.

ಎರಡನೆಯ ಪಾಲು ವಾದ್ಯದ್ದು. ಏಪ್ರಿಲ್ ಸೆಕೆಯಲ್ಲಿ, ತಲೆಯ ಮೇಲೆ ಹ್ಯಾಲೊಜನ್ ದೀಪ ಉರಿಯುತ್ತಿರುವಾಗ, ಬೆರಳಿನ ಬೆವರು ಗಿಟಾರಿನ ತಂತಿಗೆ ಇಳಿದು ನಾಲ್ಕೈದು ಕಾರ್ಯಕ್ರಮಕ್ಕೇ ತಂತಿ ಕಪ್ಪಾಗಿ ನಾದ ಮಂಕಾಗುತ್ತದೆ. ಸ್ಯಾಕ್ಸೊಫೋನಿನ ರೀಡು ಸೀಳುತ್ತದೆ. ಕೀಬೋರ್ಡಿಗೆ ಶತ್ರು ಅಕ್ಷತೆ: ವೇದಿಕೆಯ ಕಡೆ ತೂರಿದ ಅರಿಶಿನದ ಅಕ್ಕಿಕಾಳು ಎರಡು ಕೀಲಿಗಳ ನಡುವಿನ ಸಂದಿಗೆ ಜಾರಿ ಕೂತರೆ ಒತ್ತಿದ ಸ್ವರ ಮೇಲೇಳುವುದಿಲ್ಲ. ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ಪಟ್ಟಿಯ ಮೇಲೆ ಹಳದಿ ಹುಡಿ ಅಂಟಿಕೊಂಡಿರುತ್ತದೆ. 45,000 ರೂಪಾಯಿಯ ಕೀಬೋರ್ಡು ಹೀಗೆ ದುಡಿದು ಆರು ವರ್ಷ ಬಾಳಿದರೆ ವರ್ಷಕ್ಕೆ 7,500 ಸವೆಯಿತು. 30 ಕಾರ್ಯಕ್ರಮಕ್ಕೆ ಹಂಚಿದರೆ ಒಂದಕ್ಕೆ 250. ಈ 250 ಯಾರಿಗೂ ಕಾಣದ ಖರ್ಚು. ಕಾಣದ್ದರಿಂದಲೇ ಅದು ಸಂಪಾದನೆಯೆಂದು ಲೆಕ್ಕವಾಗಿ, ತರಕಾರಿಗೆ, ಪೆಟ್ರೋಲಿಗೆ ಕರಗಿ, ಆರನೆಯ ವರ್ಷ ಸಾಲವಾಗಿ ಎದುರು ನಿಲ್ಲುತ್ತದೆ. ನನ್ನ ಪುಸ್ತಕದಲ್ಲಿ ಸಾಲದ ಪುಟಗಳ ಬಹುಪಾಲು ವಾದ್ಯದವೇ.

ಬರೀ ವಾದ್ಯದ ಸಂಗೀತ ಋತುವಿಗೆ ಕಟ್ಟುಬಿದ್ದಿರುವುದು ನಮ್ಮಲ್ಲಿ ಮಾತ್ರವೇ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ಕಡಲ ತಡಿಯಲ್ಲಿ 1960ರ ದಶಕದ ಆರಂಭದಲ್ಲಿ ಸರ್ಫ್ ರಾಕ್ ಎಂಬ ಗಿಟಾರ್ ಸಂಗೀತ ಬೇಸಿಗೆಯ ಕೂಟಗಳನ್ನು ಆಳಿತು. ಅದರ ಮುಖ್ಯ ಕವಲೊಂದರಲ್ಲಿ ಹಾಡುಗಾರರಿಲ್ಲ, ಗಿಟಾರಿನ ಮೊರೆತವೇ ಎಲ್ಲ. ಅದರ ದೊರೆ ಡಿಕ್ ಡೇಲ್ 1962ರಲ್ಲಿ ನುಡಿಸಿದ ‘ಮಿಸಿರ್ಲೂ’, ಮೂಲದಲ್ಲಿ ಪೂರ್ವ ಮೆಡಿಟರೇನಿಯನ್ ಸೀಮೆಯ ಧಾಟಿ, ಇವತ್ತಿಗೂ ಜಗತ್ತಿನ ಕಿವಿಯಲ್ಲಿದೆ. 1964ರಲ್ಲಿ ಬೀಟಲ್ಸ್ ಅಮೆರಿಕಕ್ಕೆ ಬಂದಿಳಿದ ಮೇಲೆ ಆ ಅಲೆ ಇಳಿಯಿತು. ಅಷ್ಟು ದೊಡ್ಡ ಹೆಸರಿನ ಡಿಕ್ ಡೇಲ್ ಎಪ್ಪತ್ತು ದಾಟಿದ ಮೇಲೂ, ಕಾಯಿಲೆಯ ಮೈಯಲ್ಲಿ, ಔಷಧದ ಖರ್ಚಿಗಾಗಿ ಊರೂರು ತಿರುಗಿ ನುಡಿಸಬೇಕಾಯಿತು. ಹಾಗೆಂದು ಅವರೇ ಹೇಳಿಕೊಂಡಿದ್ದರು. 2019ರಲ್ಲಿ 81ನೆಯ ವಯಸ್ಸಿನಲ್ಲಿ ತೀರಿಕೊಂಡರು. ದೊರೆಯ ಕಥೆಯೇ ಹೀಗಿದ್ದರೆ ಬೀಗರ ಊಟದಲ್ಲಿ ನುಡಿಸುವ ನಮಗೆ ಕೀರ್ತಿಯ ಮೇಲೆ ಭರವಸೆ ಇಡುವ ಹಕ್ಕಿಲ್ಲ. ಸರ್ಕಾರದ ಮೇಲೂ ಇಲ್ಲ: ಇಲ್ಲಿ 2021ರ ಲಾಕ್‌ಡೌನಿನಲ್ಲಿ ರಾಜ್ಯ ಸರ್ಕಾರ ಕಲಾವಿದರಿಗೆ ಘೋಷಿಸಿದ ನೆರವು ತಲಾ 3,000 ರೂಪಾಯಿ. ಮೇಲಿನ ಮಾದರಿಯಲ್ಲಿ ಅದು ಒಂದು ರಾತ್ರಿಯ ಪಾಲಿಗಿಂತಲೂ ಕಡಿಮೆ.

ವರ್ಷದ ಲೆಕ್ಕ ಮಂಡ್ಯದವರಿಗೆ ಹೊಸದಾಗಿ ಹೇಳಿಕೊಡಬೇಕಾದ ವಿದ್ಯೆಯಲ್ಲ. ನಮ್ಮ ಹಳ್ಳಿಮನೆಗಳಲ್ಲಿ ಕಬ್ಬಿನ ದುಡ್ಡು ಬೇರೆ, ಹಾಲಿನ ದುಡ್ಡು ಬೇರೆ. ಕಬ್ಬು ವರ್ಷವಿಡೀ ಕಾಯಿಸಿ ಒಂದೇ ಗಂಟಾಗಿ ಬರುತ್ತದೆ. ಅದು ಸಾಲಕ್ಕೆ, ಮದುವೆಗೆ, ಮನೆಯ ತಾರಸಿಗೆ. ದಿನಸಿ, ಶಾಲೆ, ಔಷಧ ನಡೆಯುವುದು ಡೇರಿಯ ಬಟವಾಡೆಯಲ್ಲಿ. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯ ಹಾಲು ಒಕ್ಕೂಟ ಮನ್‌ಮುಲ್‌ಗೆ ಹಾಲು ಹಾಕುವ ಹೆಂಗಸರು ಈ ಎರಡನ್ನು ಬೆರೆಸದೆ ಸಂಸಾರ ತೂಗಿಸುವ ರೀತಿಗಿಂತ ಚೆನ್ನಾಗಿ ಯಾವ ಹಣಕಾಸು ಪುಸ್ತಕವೂ ಇದನ್ನು ಹೇಳಲಾರದು. ಸೀಸನ್ನಿನ ಸಂಭಾವನೆ ನಮ್ಮ ಕಬ್ಬು. ಮಕ್ಕಳಿಗೆ ಸಂಗೀತ ಪಾಠ, ವಾದ್ಯ ರಿಪೇರಿ, ಭಜನೆ ಮಂಡಳಿಗೆ ಜೊತೆ ನುಡಿಸುವುದು, ಇಂಥವು ನಮ್ಮ ಹಾಲು. ಬೇಸಿಗೆಯಲ್ಲಿ ಪುರುಸೊತ್ತಿಲ್ಲವೆಂದು ಪಾಠ ನಿಲ್ಲಿಸುವುದು ಕಬ್ಬು ಕಡಿಯುವ ಭರದಲ್ಲಿ ಹಸು ಮಾರಿದಂತೆ.

ಇನ್ನೊಂದು ಅಪಾಯ ಇಲ್ಲಿಯೇ ಇದೆ, ಅದನ್ನು ನಮ್ಮವರು ಅಷ್ಟಾಗಿ ಗಮನಿಸಿಲ್ಲ. ನಮಗೆ ಹಣ ಕೊಡುವ ಕೈಯೂ ಕಾವೇರಿ ನೀರಿನದೇ. 2023ರಲ್ಲಿ ಮುಂಗಾರು ಕೈಕೊಟ್ಟು ಕೆಆರ್‌ಎಸ್ ಜಲಾಶಯ ತನ್ನ ಪೂರ್ಣ ಮಟ್ಟವಾದ 124.80 ಅಡಿ ಮುಟ್ಟಲಿಲ್ಲ, ನಾಲೆಗೆ ನೀರಿನ ಕೊರತೆ, ಜಿಲ್ಲೆಯ ತುಂಬ ಬಂದ್, ಧರಣಿ. ಅದರ ಮುಂದಿನ ಬೇಸಿಗೆಯೇ ಗುರು ಶುಕ್ರರು ಅಸ್ತರಾದ 2024. ಒಂದು ಕಡೆ ಮುಹೂರ್ತವಿಲ್ಲ, ಇನ್ನೊಂದು ಕಡೆ ಮದುವೆ ಮಾಡುವವರ ಕೈಯಲ್ಲಿ ಬೆಳೆಯ ಹಣವಿಲ್ಲ. ಆದ್ದರಿಂದ ಆಷಾಢದ ಪಾಲನ್ನು ಊರಿನಲ್ಲೇ ಕಬ್ಬು ಬೆಳೆಯುವವರಿಗೆ ಬಡ್ಡಿಗೆ ಕೊಡುವುದನ್ನು ನಾನು ಒಪ್ಪುವುದಿಲ್ಲ, ಬಡ್ಡಿ ಎಷ್ಟೇ ಆಸೆ ಹುಟ್ಟಿಸಲಿ. ನೀರು ನಿಂತ ವರ್ಷ ನಮ್ಮ ಕೆಲಸವೂ ನಿಲ್ಲುತ್ತದೆ, ಕೊಟ್ಟ ಸಾಲವೂ ಹಿಂದಿರುಗುವುದಿಲ್ಲ.

ಹೀಗೆ ದರ ಏರಿಸುವ ಮಾತಿಗೆ ಮೊದಲ ಆಕ್ಷೇಪಣೆ ಎಲ್ಲರ ಬಾಯಲ್ಲೂ ಇದೆ: 24,400 ಕೇಳಿದರೆ ಪಕ್ಕದ ತಂಡ 18,000ಕ್ಕೆ ಒಪ್ಪುತ್ತದೆ, ಅದೂ ಬೇಡವೆಂದರೆ ಡಿಜೆ ಇದೆ. ‘ಹಾಡೋರೇ ಇಲ್ವಲ್ಲ, ಅಷ್ಟ್ಯಾಕೆ?’ ಎನ್ನುವ ಪಾರ್ಟಿಯವರೂ ಇದ್ದಾರೆ. ಮಾತು ನಿಜ, ಪೈಪೋಟಿ ಇಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಪೈಪೋಟಿ ಎಲ್ಲ ದಿನವೂ ಒಂದೇ ಬಿಗಿಯಲ್ಲಿ ಇರುವುದಿಲ್ಲ. ರಾತ್ರಿ 10ರ ನಂತರ ಧ್ವನಿವರ್ಧಕ ಕೂಡದೆಂಬ ನಿಯಮ 2000ದಿಂದಲೂ ಇರುವುದರಿಂದ ಒಂದು ಸಂಜೆಗೆ ಒಂದೇ ಆರತಕ್ಷತೆ. ದೊಡ್ಡ ಮುಹೂರ್ತದ ಹಿಂದಿನ ಸಂಜೆ ಮಂಡ್ಯ, ಮದ್ದೂರು, ಮಳವಳ್ಳಿಯ ಛತ್ರಗಳೆಲ್ಲ ತುಂಬಿ, ನುಡಿಸುವ ಕೈಗಳೇ ಸಾಲುವುದಿಲ್ಲ. ಆ ಸಂಜೆಗಳಲ್ಲಿ ಕಡಿಮೆ ದರಕ್ಕೆ ಒಪ್ಪಿಕೊಳ್ಳುವುದಕ್ಕೆ ಕಾರಣ ಪೈಪೋಟಿಯಲ್ಲ, ಪಂಚಾಂಗ ನೋಡದೆ ಹೂಂ ಅಂದದ್ದು. ದೊಡ್ಡ ಮುಹೂರ್ತಕ್ಕೆ ಹೆಚ್ಚಿಗೆ, ಖಾಲಿ ದಿನದ ಬೀಗರ ಊಟಕ್ಕೆ ಕಡಿಮೆ ಎಂದು ಎರಡು ದರ ಇಟ್ಟುಕೊಂಡರೆ ಸರಾಸರಿ ತಾನಾಗಿ ಏರುತ್ತದೆ. ಕಂಪನಿಗಳ ಬೇಸಿಗೆ ಪಾರ್ಟಿಗೆ, ಹೆದ್ದಾರಿ ಬದಿಯ ರೆಸಾರ್ಟಿಗೆ ದರ ಇನ್ನೂ ಬೇರೆ ಇರಬೇಕು: ಮದುವೆಗೆ ಸಂಬಂಧಿಸಿದ ಸಮಾರಂಭದಲ್ಲಿ ಚಿತ್ರಗೀತೆ ನುಡಿಸಲು ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನಲ್ಲಿ ವಿನಾಯಿತಿಯಿದೆ, ವ್ಯಾಪಾರದ ಪಾರ್ಟಿಗೆ ಇಲ್ಲ, ಅಲ್ಲಿ ಪರವಾನಗಿ ಮಾಡಿಸುವ ಹೊಣೆ ಆಯೋಜಕರದೆಂದು ಮೊದಲೇ ಬರೆಸಿಕೊಳ್ಳುವುದು ಒಳ್ಳೆಯದು. ಇಷ್ಟಾದರೂ 20,000ಕ್ಕಿಂತ ಮೇಲೆ ಹುಟ್ಟದಿದ್ದರೆ ಆ 20,000ದಲ್ಲೇ ಎರಡೂ ಪಾಲು ಎತ್ತಿಡಬೇಕು. ಕೈಗೆ ಬರುವುದು ಕಡಿಮೆಯಾದಾಗ ಈ ಕಸುಬು ನಿಜಕ್ಕೂ ಎಷ್ಟು ಕೊಡುತ್ತದೆಂಬುದಾದರೂ ಕಣ್ಣಿಗೆ ಕಾಣುತ್ತದೆ.

ದಿನ ಒಪ್ಪುವಾಗಲೇ ಅರ್ಧ ಹಣ ಮುಂಗಡವಾಗಿ ಪಡೆಯಬೇಕೆಂಬುದೂ ನನ್ನ ಸಲಹೆ. ಎರಡನೆಯ ಆಕ್ಷೇಪಣೆ ಆ ಮುಂಗಡದ ಬಗ್ಗೆ, ಅದು ಹೆಚ್ಚು ಗಂಭೀರವಾದದ್ದು. ನಮ್ಮಲ್ಲಿ ವೀಳ್ಯ ಕೊಟ್ಟರೆ ಮಾತು ಕೊಟ್ಟಂತೆ. ಎಲೆ ಅಡಿಕೆಯ ಜೊತೆ 501 ಇಟ್ಟರೆ ದಿನ ಗೊತ್ತಾಯಿತು. ಅದರ ಬದಲು ಅರ್ಧ ಹಣ ಮುಂಚೆಯೇ ಕೇಳುವುದು, ಅದನ್ನು ಹಿಂದಿರುಗಿಸುವುದಿಲ್ಲ ಎನ್ನುವುದು ಹಿರಿಯ ಕಲಾವಿದರಿಗೆ ಅಗೌರವವೆನಿಸುತ್ತದೆ. ಸಾಲ ಮಾಡಿ ಮದುವೆ ಮಾಡುವ ತಂದೆತಾಯಿಗೆ ಅದು ಕಲ್ಲುಮನಸ್ಸಿನ ವರ್ತನೆಯಾಗಿಯೂ ಕಾಣಬಹುದು. ಆ ಭಾವನೆಗೆ ನಾನು ತಲೆಬಾಗುತ್ತೇನೆ. ಆದರೆ ನಾವು ಮಾರುವುದು ಸಂಗೀತಕ್ಕಿಂತ ಮೊದಲು ಒಂದು ದಿನಾಂಕವನ್ನು. ಆ ದಿನ ಇನ್ನೊಬ್ಬರಿಗೆ ಇಲ್ಲವೆಂದು ಹೇಳಿದ ಮೇಲೆ ಅದು ಮತ್ತೆ ಸಿಗುವುದಿಲ್ಲ. ಕಬ್ಬಿಗೆ ಕಾನೂನಿದೆ: 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಶೇ 15 ಬಡ್ಡಿ. ಛತ್ರದ ಮುಂದೆ ರಾತ್ರಿ ಹನ್ನೊಂದಕ್ಕೆ ಬಾಕಿಗೆ ಕಾದು ನಿಂತ ವಾದ್ಯದವರಿಗೆ ಅಂಥ ಆದೇಶವಿಲ್ಲ. ಮುಂಗಡದ ರಸೀದಿಯೇ ಅವರ ಕಾನೂನು. ಸೂತಕ ಬಂದು ಮದುವೆ ಮುಂದಕ್ಕೆ ಹೋದರೆ ಮುಂಗಡ ಹೊಸ ದಿನಕ್ಕೆ ಜಮಾ ಆಗಬೇಕು. ಮದುವೆಯೇ ಮುರಿದುಬಿದ್ದರೆ ದಿನದ ನಷ್ಟದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಮರಳಿಸಬೇಕು. ಈ ಎರಡು ಸಾಲನ್ನು ಕನ್ನಡದಲ್ಲಿ ರಸೀದಿಯ ಮೇಲೆಯೇ ಅಚ್ಚು ಹಾಕಿಸಿದರೆ ವೀಳ್ಯದ ಗೌರವಕ್ಕೂ ಕುಂದಿಲ್ಲ, ಮುಂದಿನ ಜಗಳಕ್ಕೂ ಎಡೆಯಿಲ್ಲ.

ಎತ್ತಿಟ್ಟ ಹಣ ಎಲ್ಲಿರಬೇಕು? ಚೀಟಿಯಲ್ಲಿ ಬೇಡ. ಚೀಟಿ ಪ್ರತಿ ತಿಂಗಳೂ ಒಂದೇ ಮೊತ್ತ ಕೇಳುತ್ತದೆ, ನಮ್ಮ ಆದಾಯ ಹಾಗಿಲ್ಲ; ಆಷಾಢದಲ್ಲಿ ಚೀಟಿ ಕಟ್ಟಲು ವಾರದ ಕಂತಿನ ಸಾಲ ಮಾಡಿದ ಕಲಾವಿದರ ಸಂಸಾರಗಳು ಹಾಳಾಗಿವೆ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಎಂಬುದನ್ನು ನೆನಪಿಡಿ. ಆಷಾಢದ ಪಾಲಿಗೆ ಬೇರೆಯದೇ ಒಂದು ಉಳಿತಾಯ ಖಾತೆ, ಯುಪಿಐಗೆ ಜೋಡಿಸದ್ದು, ಸಾಕು. ಸ್ವಲ್ಪ ಬೆಳೆದ ಮೇಲೆ ಆರು ತಿಂಗಳ, ವರ್ಷದ ಠೇವಣಿಗಳಾಗಿ ಒಡೆಯಬಹುದು. ವೃದ್ಧಾಪ್ಯಕ್ಕೆ ಅಂಚೆ ಕಚೇರಿಯ ಪಿಪಿಎಫ್ ನಮ್ಮಂಥವರಿಗೆ ಒಗ್ಗುತ್ತದೆ: ವರ್ಷಕ್ಕೆ 500 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ, ಕೈಯಲ್ಲಿದ್ದಾಗ ಇದ್ದಷ್ಟು. ನಲವತ್ತು ದಾಟದವರು, ಆದಾಯ ತೆರಿಗೆ ಕಟ್ಟದವರು ಅಟಲ್ ಪಿಂಚಣಿಗೂ ಸೇರಬಹುದು. ಅದರಲ್ಲಿ ಆರು ತಿಂಗಳಿಗೊಮ್ಮೆ ಕಟ್ಟುವ ಅವಕಾಶವಿದೆ. ಒಂದು ಕಂತು ಸೀಸನ್ನಿನ ನಡುವೆ ಬೀಳುವಂತೆ, ಇನ್ನೊಂದಕ್ಕೆ ಆಷಾಢದ ಖಾತೆಯಿಂದಲೇ ಹೋಗುವಂತೆ ನೋಡಿಕೊಂಡರಾಯಿತು. ಮತ್ತೆ ದರದ ಮಾತಿಗೆ ಬಂದರೆ, 2026ರ ನಂತರದ ಅಧಿಕ ಮಾಸ 2029ರಲ್ಲಿ, ಅದೂ ಚೈತ್ರದಲ್ಲಿ: ಮಾರ್ಚ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ. 2027 ಮತ್ತು 2028ರ ಬೇಸಿಗೆಗೆ ನಾವು ಹೇಳುವ ದರದಲ್ಲಿ ಆ ಒಂದು ತಿಂಗಳ ಅನ್ನವೂ ಸೇರಿರಬೇಕು.