ಎಂಜಿನ್ ಬದಲಾದರೆ ರಾಟೆಯ ಲೆಕ್ಕವೇನು?

ಕಾಳಗಿ, ಸೇಡಂಗಳ ಕಡೆ ಬೇಸಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ದಾಟುವುದುಂಟು. ಅಲ್ಲಿ ಕಾರೊಂದರ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಿದರೆಂದು ಭಾವಿಸೋಣ. (1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ಇಂಥ ಮಾರ್ಪಾಡನ್ನು ನಿರ್ಬಂಧಿಸುತ್ತದೆ, ಕಾಗದಪತ್ರದ ಕೆಲಸವೇ ಮೊದಲು.) ಗಾಡಿ ಓಡುತ್ತದೆ, ಆದರೆ ನಿಂತಲ್ಲಿ ಸ್ಟಿಯರಿಂಗ್ ಭಾರ, ಒಳಗೆ ತಂಪಿಲ್ಲ. ಕಾರಣವೇನು?

ಸ್ಟಿಯರಿಂಗಿಗೆ ನೆರವಾಗುವ ತೈಲದ ಪಂಪನ್ನೂ ತಂಪುಕಾರಿ ಅನಿಲವನ್ನು ಒತ್ತುವ ಕಂಪ್ರೆಸರನ್ನೂ ಎಂಜಿನ್ನಿನ ರಾಟೆಯೇ ಬೆಲ್ಟಿನ ಮೂಲಕ ತಿರುಗಿಸುತ್ತದೆ. ಹಳೆಯ ಎಂಜಿನ್ ನಿಂತಲ್ಲಿ ನಿಮಿಷಕ್ಕೆ 800 ಸುತ್ತು ತಿರುಗುತ್ತಿತ್ತೆನ್ನಿ. ಅದರ ರಾಟೆಯ ವ್ಯಾಸ 15 ಸೆಂ.ಮೀ., ಪಂಪಿನದು 12 ಸೆಂ.ಮೀ. ಆಗಿದ್ದರೆ ಪಂಪು 800 × 15 ÷ 12, ಅಂದರೆ 1,000 ಸುತ್ತು ತಿರುಗುತ್ತದೆ. ಹೊಸ ಎಂಜಿನ್ 600 ಸುತ್ತಿನದಾದರೆ, ಅವೇ ಅಳತೆಯ ರಾಟೆಗಳಿಂದ ಪಂಪಿಗೆ ದೊರೆಯುವುದು 750 ಮಾತ್ರ. ಕಂಪ್ರೆಸರಿನ ಗತಿಯೂ ಇದೇ. ಪಂಪಿನ ರಾಟೆಯನ್ನು 9 ಸೆಂ.ಮೀ.ಗೆ ಇಳಿಸಿದರೆ ಮತ್ತೆ 1,000 ಬರುತ್ತದೆ. ಅಷ್ಟಕ್ಕೇ ಹಿಗ್ಗಬಾರದು: ಎಂಜಿನ್ 4,000 ಸುತ್ತಿಗೇರಿದಾಗ ಪಂಪು ಸುಮಾರು 6,667ಕ್ಕೆ ಏರುತ್ತದೆ. ಅದನ್ನು ಪಂಪು ತಾಳಬಲ್ಲುದೇ ಎಂಬುದನ್ನು ಮೊದಲೇ ಪರಿಶೀಲಿಸಬೇಕು.

ರಾಟೆಗಳೆಲ್ಲ ಒಂದೇ ಸಮತಲದಲ್ಲಿರಬೇಕು. ಓರೆಯಾದ ಬೆಲ್ಟು ಕಿರುಚುತ್ತದೆ, ಬೇಗ ಸವೆಯುತ್ತದೆ. ಅನಿಲದ ಕೊಳವೆಗಳನ್ನು ಮರುಜೋಡಿಸಿದ ಮೇಲೆ ನಿರ್ವಾತ ಪಂಪಿನಿಂದ ಗಾಳಿ, ತೇವಗಳನ್ನು ಸೆಳೆದುಹಾಕಿಯೇ ಅನಿಲ ತುಂಬಬೇಕು. ಇಲ್ಲವಾದರೆ ಒಳಗುಳಿದ ತೇವ ಇಕ್ಕಟ್ಟಾದ ಕವಾಟದಲ್ಲಿ ಹೆಪ್ಪುಗಟ್ಟಿ, ಹೊರಗೆ ಬಿಸಿಲು ಉರಿಯುತ್ತಿರುವಾಗಲೇ ಅನಿಲದ ಹಾದಿಯನ್ನು ಮುಚ್ಚಿಬಿಡುತ್ತದೆ.